ಹಳೆಯ ಕಾರನ್ನು ಬಿಚ್ಚಿ ಕಟ್ಟುವುದು

ಹಿತ್ತಾಳೆಯ ಚೆಂಬು ಕಪ್ಪಾದರೆ ಮನೆಯಲ್ಲಿ ಯಾರೂ ಚಿಂತೆ ಮಾಡುವುದಿಲ್ಲ. ಒಂದಿಷ್ಟು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಸಾಕು, ಚೆಂಬು ಮತ್ತೆ ಫಳಫಳ ಹೊಳೆಯುತ್ತದೆ. ಮಾಸಿದ್ದು ಮೇಲಿನ ತೆಳುವಾದ ಪದರ ಮಾತ್ರ. ಅದರ ಕೆಳಗಿನ ಲೋಹ ಇದ್ದ ಹಾಗೆಯೇ ಇರುತ್ತದೆ. ಕಬ್ಬಿಣದ ಸಂಗತಿ ಬೇರೆ. ನೀರೂ ಗಾಳಿಯಲ್ಲಿನ ಆಮ್ಲಜನಕವೂ ಸೇರಿ ಕಬ್ಬಿಣವನ್ನು ತಿನ್ನತೊಡಗಿದರೆ ಅದಕ್ಕೆ ಕೊನೆಯೆಂಬುದಿಲ್ಲ. ಹುಟ್ಟಿದ ತುಕ್ಕು ಮೊದಲಿದ್ದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದಲೇ ಅದು ಮೇಲಿನ ಬಣ್ಣವನ್ನು ಹಪ್ಪಳದಂತೆ ಉಬ್ಬಿಸುತ್ತದೆ, ಬೆಸೆದ ತಗಡುಗಳ ನಡುವೆ ಸೇರಿ ಅವುಗಳ ಬಾಯಿ ಬಿಡಿಸುತ್ತದೆ. ಸಣ್ಣ ಸಣ್ಣ ರಂಧ್ರಗಳಿರುವ ಈ ತುಕ್ಕು ತೇವವನ್ನು ಹೀರಿ ಹಿಡಿದುಕೊಂಡು ಒಳಗಿನ ಲೋಹಕ್ಕೆ ಉಣಿಸುತ್ತಲೇ ಇರುತ್ತದೆ. ಎಷ್ಟು ತುಕ್ಕನ್ನು ಕೆರೆದು ತೆಗೆಯುತ್ತೇವೆಯೋ ಅಷ್ಟು ಕಬ್ಬಿಣ ನಮ್ಮ ಕೈಬಿಟ್ಟು ಹೋಯಿತೆಂದೇ ಲೆಕ್ಕ.

ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವುಂಟು. ಹಿತ್ತಲಿನ ತಗಡಿನ ಮಾಡಿನ ಕೆಳಗೆ ಅಜ್ಜನ ಕಾಲದ ಕಾರೊಂದು ಹಾಗೆಯೇ ನಿಂತಿರುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಮನೆಯ ಹುಡುಗರು ಒಂದು ದಿನ ಮೇಲಿನ ತಾಡಪಾಲು ಸರಿಸಿ ನೋಡುತ್ತಾರೆ. ಇದನ್ನು ಮತ್ತೆ ಓಡಿಸಬೇಕೆಂಬ ಆಸೆ ಹುಟ್ಟುತ್ತದೆ. ಆಸೆ ಹುಟ್ಟಿದ ಕೂಡಲೆ ಕಣ್ಣಿಗೆ ಕಟ್ಟುವುದು ಹೊಸ ಬಣ್ಣ. ಆದರೆ ಬಣ್ಣ ಈ ಕೆಲಸದ ಕೊನೆಯ ಅಧ್ಯಾಯ. ಮೊದಲ ಅಧ್ಯಾಯವಿರುವುದು ಕಾರಿನ ಹೊಟ್ಟೆಯ ಕೆಳಗೆ.

ಉದಾಹರಣೆಗೆ ಒಂದೇ ಕಾರನ್ನು ತೆಗೆದುಕೊಳ್ಳೋಣ: ಮಾರಿಸ್ ಮೈನರ್. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ರೂಪಿಸಿದ ಈ ದುಂಡುಮೈಯ ಪುಟ್ಟ ಕಾರು ೧೯೪೮ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಹೊರಬಂತು. ಮಾದರಿ ಸಿದ್ಧವಾದ ಮೇಲೆ ಕಾರು ತೀರ ಕಿರಿದಾಯಿತೆಂದು ಅವನಿಗೆ ಅನ್ನಿಸಿತು. ಅದನ್ನು ಉದ್ದಕ್ಕೆ ಎರಡು ಹೋಳಾಗಿ ಕೊಯ್ಯಿಸಿ, ಹೋಳುಗಳನ್ನು ದೂರ ಸರಿಸಿ ನೋಡಿ, ಕೊನೆಗೆ ನಾಲ್ಕಂಗುಲ ಅಗಲ ಹೆಚ್ಚಿಸಿದ. ಬಾನೆಟ್ಟಿನ ನಡುವೆ ಉದ್ದಕ್ಕೆ ಕಾಣುವ ಪಟ್ಟಿ ಆ ನಾಲ್ಕಂಗುಲದ ಗುರುತು. ಬ್ರಿಟನ್ನಿನಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಕಾರು ಇದೇ. ಎಪ್ಪತ್ತರ ದಶಕದ ಆರಂಭದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು ೧೬ ಲಕ್ಷ ಕಾರುಗಳು ಹೊರಬಿದ್ದಿದ್ದವು. ನಮ್ಮ ದೇಶಕ್ಕೂ ಇದು ಹೊಸಬನಲ್ಲ. ೧೯೫೦ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಇದನ್ನೇ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಿಂದ ಮಾರಿತು. ಇಂಗ್ಲೆಂಡಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಕಟ್ಟುವವರಿಗೆ ಇದು ಬಲು ಪ್ರಿಯವಾದ ಕಾರು. ರಚನೆ ಸರಳ, ಸಾಮಾನ್ಯ ಹತ್ಯಾರುಗಳು ಸಾಕು, ಬಿಡಿಭಾಗಗಳು ಅಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ.

ಹಳೆಯ ಕಾಲದ ಅನೇಕ ಕಾರುಗಳಲ್ಲಿ ಎತ್ತಿನ ಗಾಡಿಯ ಮೂಕಿಯಂತೆ ಬಲವಾದ ಚಾಸಿಯೊಂದು ಬೇರೆಯೇ ಇರುತ್ತಿತ್ತು. ಅದರ ಮೇಲೆ ಮೈಯನ್ನು ಕೂರಿಸುತ್ತಿದ್ದರು. ಮಾರಿಸ್ ಮೈನರಿನಲ್ಲಿ ಹಾಗಿಲ್ಲ. ತಗಡಿನ ಮೈಯೇ ಅದರ ಎಲುಬು. ಬಾಗಿಲುಗಳ ಕೆಳಗೆ ಎರಡೂ ಬದಿಗೆ ಹೊಸ್ತಿಲಿನ ಹಾಗೆ ಟೊಳ್ಳಾದ ಪೆಟ್ಟಿಗೆಗಳಿವೆ. ನೆಲದ ತಗಡಿನ ಕೆಳಗೆ, ಗೇರುಪೆಟ್ಟಿಗೆಯ ಹತ್ತಿರ, ಒಂದು ಅಡ್ಡತೊಲೆ ಹಾದುಹೋಗುತ್ತದೆ. ಗೇರುಪೆಟ್ಟಿಗೆಯನ್ನು ಹೊರುವುದು ಅದೇ. ಮುಂದಿನ ಚಕ್ರಗಳ ಭಾರ ತಡೆಯುವ ತಿರುಚು ಸರಳುಗಳ ಹಿಂದಿನ ತುದಿಗಳನ್ನು ಹಿಡಿದಿರುವುದೂ ಅದೇ. ಹಿಂದುಗಡೆ ಪಟ್ಟಿ ಸ್ಪ್ರಿಂಗುಗಳು ತಗಡಿನ ಮೈಗೇ ನೇತುಬಿದ್ದಿವೆ. ಮಳೆಯ ನೀರು, ಚಕ್ರ ಎರಚಿದ ಕೆಸರು ಹೋಗಿ ಸೇರುವುದೂ ಇವೇ ಜಾಗಗಳಲ್ಲಿ. ಮಡ್ಗಾರ್ಡಿನಲ್ಲಿ ತೂತು ಬಿದ್ದರೆ ಅಂದ ಕೆಟ್ಟಿತು, ಅಷ್ಟೆ. ಬೋಲ್ಟು ಬಿಚ್ಚಿ ಹೊಸದನ್ನು ಹಾಕಬಹುದು. ಹೊಸ್ತಿಲಿನಲ್ಲಿಯೋ ಅಡ್ಡತೊಲೆಯಲ್ಲಿಯೋ ತೂತು ಬಿದ್ದರೆ ಮನೆಯ ಕಂಬಕ್ಕೆ ಗೆದ್ದಲು ಹಿಡಿದ ಹಾಗೆ.

ಆದ್ದರಿಂದ ಒಂದು ತಿರುಪನ್ನೂ ಬಿಚ್ಚುವ ಮುಂಚೆ ನೋಡುವ ಕೆಲಸ ಮುಗಿಯಬೇಕು. ಕೈಯಲ್ಲಿ ಒಂದು ಟಾರ್ಚು, ಒಂದು ಹಳೆಯ ಸ್ಕ್ರೂಡ್ರೈವರು, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇದ್ದರೆ ಸಾಕು. ನೆಲದ ಮೇಲಿನ ಹಾಸನ್ನು ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಗಟ್ಟಿ ತಗಡು ಠಣ್ಣೆನ್ನುತ್ತದೆ. ಕೆಟ್ಟ ತಗಡು ಬಿಸ್ಕತ್ತಿನಂತೆ ಮುರಿಯುತ್ತದೆ. ಅಯಸ್ಕಾಂತವನ್ನು ಮೈಮೇಲೆ ಆಡಿಸಿದಾಗ ಎಲ್ಲಿ ಅದು ಅಂಟಿಕೊಳ್ಳುವುದಿಲ್ಲವೋ ಅಲ್ಲಿ ಯಾರೋ ಹಿಂದೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆಂದು ತಿಳಿಯಬೇಕು. ಕಂಡದ್ದನ್ನೆಲ್ಲ ಬರೆದು, ಮೂರು ಪಟ್ಟಿ ಮಾಡಿ: ಕೂಡಲೆ ಬದಲಾಯಿಸಬೇಕಾದ್ದು, ದುರಸ್ತಿಗೆ ಒಪ್ಪುವುದು, ಹಾಗೆಯೇ ಬಿಡಬಹುದಾದ್ದು. ಹಣ ಎಷ್ಟು, ಸಮಯ ಎಷ್ಟು ಎಂಬುದನ್ನು ಈ ಪಟ್ಟಿಯ ಮುಂದೆ ಕೂತು ಮನೆಯವರೆಲ್ಲ ಮಾತಾಡಿಕೊಳ್ಳುವುದು ಒಳ್ಳೆಯದು. ಮೊದಲ ವಾರದ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಬಿಚ್ಚಿ ಗುಡ್ಡೆ ಹಾಕಿ, ಆರು ತಿಂಗಳಲ್ಲಿ ಯಾವುದು ಎಲ್ಲಿಯದೆಂದು ಮರೆತು, ಕೊನೆಗೆ ಗುಜರಿಯವನಿಗೆ ತೂಕಕ್ಕೆ ಕೊಟ್ಟ ಕಾರುಗಳು ಎಷ್ಟೋ! ತುಕ್ಕು ಕೊಲ್ಲದ ಕಾರನ್ನು ಅವಸರ ಕೊಲ್ಲುತ್ತದೆ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಬಿಚ್ಚುವ ಪ್ರತಿಯೊಂದು ಭಾಗವನ್ನೂ ಅದು ಇದ್ದಲ್ಲಿಯೇ ಮೊಬೈಲಿನಲ್ಲಿ ಎರಡು ಮೂರು ಕೋನಗಳಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಪ್ರತಿ ತಂತಿಗೂ ಚೀಟಿ ಕಟ್ಟಿ. ಸಣ್ಣ ಸಾಮಾನುಗಳನ್ನು ಹಾಲಿನ ಪುಡಿಯ ಡಬ್ಬಿಗಳಲ್ಲಿ ಹಾಕಿ ಮೇಲೆ ಹೆಸರು ಬರೆಯಿರಿ. ಬೋಲ್ಟು ಬಿಚ್ಚಿದ ಮೇಲೆ ಸಾಧ್ಯವಾದಲ್ಲೆಲ್ಲ ಅದನ್ನು ಅದರ ತೂತಿಗೇ ಎರಡು ಸುತ್ತು ತಿರುಗಿಸಿಟ್ಟರೆ ಇನ್ನೂ ವಾಸಿ. ಕಚ್ಚಿಕೊಂಡ ಬೋಲ್ಟಿನ ಮೇಲೆ ಬಲಪ್ರಯೋಗ ಬೇಡ. ತಲೆ ಮುರಿದರೆ ಒಂದು ಗಂಟೆಯ ಕೆಲಸ ಒಂದು ದಿನಕ್ಕೆ ಏರುತ್ತದೆ. ಸೀಮೆಎಣ್ಣೆ ಬೆರೆಸಿದ ತೆಳು ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಿ. ಬೆಳಗ್ಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ವರ್ಷಗಟ್ಟಲೆ ನಿಂತ ಎಂಜಿನ್ನಿಗೂ ಇದೇ ತಾಳ್ಮೆ ಬೇಕು. ಸ್ಟಾರ್ಟರು ಒತ್ತಲು ಹೋಗದೆ ಪ್ಲಗ್ಗುಗಳನ್ನು ತೆಗೆದು ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಕೆಲವು ದಿನಗಳ ಮೇಲೆ ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಿ ನೋಡಬೇಕು.

ಇಲ್ಲಿ ಜೀವಕ್ಕೆ ಸಂಬಂಧಿಸಿದ ಕೆಲವು ಮಾತುಗಳನ್ನು ಹೇಳಲೇಬೇಕು. ಜಾಕಿಯ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಗಟ್ಟಿ ನೆಲದ ಮೇಲೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಡಲೇಬೇಕು. ಇಟ್ಟಿಗೆಗಳನ್ನು ಪೇರಿಸುವುದು ಸ್ಟ್ಯಾಂಡಾಗುವುದಿಲ್ಲ. ಪೆಟ್ರೋಲು ಟ್ಯಾಂಕು ಬರಿದಾಗಿದೆಯೆಂದು ನಂಬಬಾರದು. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಬರಿಯ ಟ್ಯಾಂಕೇ ಹೆಚ್ಚು ಅಪಾಯ; ಮನೆಯಲ್ಲಿ ಅದಕ್ಕೆ ಬೆಸುಗೆಯ ಕಿಡಿ ತಾಗಿಸಕೂಡದು. ಹಳೆಯ ಬ್ರೇಕು ಲೈನಿಂಗುಗಳ ಧೂಳಿನಲ್ಲಿ ಕಲ್ನಾರು ಇರುತ್ತದೆ, ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಎರಡನ್ನೂ ಗಾಳಿ ಊದಿ ಹಾರಿಸದೆ, ಒಣಗಿದ್ದಾಗ ಉಜ್ಜದೆ, ನೀರಿನಿಂದ ತೋಯಿಸಿ, ಮೂಗಿಗೆ ತಕ್ಕ ಮುಖವಾಡ ಹಾಕಿಕೊಂಡು ತೆಗೆಯಬೇಕು. ಮಕ್ಕಳನ್ನು ಅತ್ತ ಬಿಡಬಾರದು.

ಈಗ ತುಕ್ಕಿನ ವಿಚಾರಕ್ಕೆ ಬರೋಣ. ಬಿಚ್ಚಿದ ಸಣ್ಣ ಭಾಗಗಳಿಗೆ ಮನೆಯಲ್ಲೇ ಮಾಡಬಹುದಾದ ಎರಡು ಉಪಾಯಗಳಿವೆ. ಒಂದು, ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಈ ಕಪ್ಪು ಪಾಕವನ್ನು ಒಂದಕ್ಕೆ ಒಂಬತ್ತು ಪಾಲು ನೀರು ಬೆರೆಸಿ, ಒಂದೆರಡು ವಾರ ಭಾಗಗಳನ್ನು ಮುಳುಗಿಸಿಟ್ಟರೆ ತುಕ್ಕು ಕರಗುತ್ತದೆ. ಒಳ್ಳೆಯ ಕಬ್ಬಿಣಕ್ಕೆ ಅಷ್ಟಾಗಿ ತೊಂದರೆಯಿಲ್ಲ. ಅಲ್ಯೂಮಿನಿಯಮ್ಮನ್ನು ಮಾತ್ರ ಅದರಲ್ಲಿ ಹಾಕಬಾರದು. ವಾಸನೆಯ ವಿಷಯ ಹೇಳದಿರುವುದೇ ಲೇಸು. ತೊಟ್ಟಿಯನ್ನು ಅಡಿಗೆಮನೆಯಿಂದ ಆದಷ್ಟು ದೂರ ಇಡಿ! ಇನ್ನೊಂದು, ವಿದ್ಯುತ್ತು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಬಟ್ಟೆ ಒಗೆಯುವ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕಿನ ಭಾಗಕ್ಕೂ ಧನ ತಂತಿಯನ್ನು ಒಂದು ಹಳೆಯ ಕಬ್ಬಿಣದ ತುಂಡಿಗೂ ಕೊಟ್ಟರೆ ತುಕ್ಕು ಸಡಿಲವಾಗಿ ಕಳಚುತ್ತದೆ. ಎರಡು ತುಂಡುಗಳೂ ಒಂದಕ್ಕೊಂದು ತಾಗಕೂಡದು. ಕಬ್ಬಿಣದ ತುಂಡಿಗೆ ಬದಲು ಸ್ಟೇನ್‌ಲೆಸ್ ಉಕ್ಕನ್ನು ಬಳಸಬಾರದು, ನೀರು ವಿಷವಾಗುತ್ತದೆ. ಆಗ ಏಳುವ ಗುಳ್ಳೆಗಳಲ್ಲಿ ಜಲಜನಕವಿರುವುದರಿಂದ ಬಯಲಿನಲ್ಲೇ ಮಾಡಬೇಕು, ಬೆಂಕಿ ಹತ್ತಿರ ಸುಳಿಯಬಾರದು. ಹೇಗೆ ತೊಳೆದರೂ ಬೆತ್ತಲೆ ಕಬ್ಬಿಣ ಗಂಟೆಗಳಲ್ಲೇ ಮತ್ತೆ ಕೆಂಪಾಗುತ್ತದೆ. ಒಣಗಿಸಿ ಅದೇ ದಿನ ಪ್ರೈಮರು ಬಳಿಯುವುದನ್ನು ತಪ್ಪಿಸಬೇಡಿ.

ಮೈಯಲ್ಲಿ ತಗಡೇ ಹೋಗಿದ್ದರೆ ಯಾವ ಔಷಧವೂ ಇಲ್ಲ. ಕೆಟ್ಟದ್ದನ್ನು ಒಳ್ಳೆಯ ಲೋಹ ಸಿಕ್ಕುವವರೆಗೆ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಬೆಸುಗೆ ಬಾರದವರು ಇದಕ್ಕೆ ಪಳಗಿದ ಟಿಂಕರಿಂಗ್ ಮೇಸ್ತ್ರಿಯನ್ನು ಕರೆಯುವುದೇ ಸರಿ. ಆದರೆ ಕ್ರಮ ಮಾತ್ರ ಮನೆಯವರಿಗೆ ಗೊತ್ತಿರಬೇಕು. ಎರಡು ಹೊಸ್ತಿಲುಗಳನ್ನೂ ಒಟ್ಟಿಗೆ ಕತ್ತರಿಸಿದರೆ ಕಾರು ನಡುವಿನಲ್ಲಿ ಜೋತುಬಿದ್ದು, ಆಮೇಲೆ ಬಾಗಿಲು ಕೂರುವುದೇ ಇಲ್ಲ. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದು ಬದಿ. ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಆ್ಯಂಗಲ್ ಕಬ್ಬಿಣ ಕೊಟ್ಟು, ಬಾಗಿಲುಗಳನ್ನು ಮತ್ತೆ ಮತ್ತೆ ಕೂರಿಸಿ, ಸುತ್ತಲ ಸಂದು ಒಂದೇ ಸಮನಾಗಿದೆಯೇ ಎಂದು ನೋಡುತ್ತ ಹೋಗಬೇಕು. ಹಳೆಯ ತಗಡಿನ ಮೇಲೆಯೇ ಹೊಸ ತಗಡು ಹೊದಿಸುವ ಮೇಸ್ತ್ರಿಯ ಕೈ ಹಿಡಿದು ನಿಲ್ಲಿಸಿ. ಎರಡರ ನಡುವೆ ಸಿಕ್ಕ ತೇವ ಒಳಗೊಳಗೇ ತಿನ್ನುತ್ತದೆ, ಹೊರಗೆ ಕಾಣುವುದಿಲ್ಲ.

ಮೈ ಗಟ್ಟಿಯಾದ ಮೇಲೆ ಈ ಕಾರಿನಲ್ಲಿ ಕಣ್ಣಿಡಬೇಕಾದ ಎರಡು ಜಾಗಗಳಿವೆ. ಮುಂದಿನ ಚಕ್ರ ತಿರುಗುವ ಕಂಬಿಯ ತುದಿಯಲ್ಲಿ ಮರೆಯುಳ್ಳ ಒಂದು ಗುಬಟು ಇದೆ; ಮೆಕ್ಯಾನಿಕ್ಕುಗಳು ಅದನ್ನು ಟ್ರನಿಯನ್ ಎನ್ನುತ್ತಾರೆ. ಕಾಲಕಾಲಕ್ಕೆ ಗ್ರೀಸು ಕಾಣದೆ ಮರೆ ಸವೆದರೆ ಅದು ಕಳಚಿ, ಚಕ್ರ ಮಡಿಸಿಕೊಂಡು ಕಾರು ಮೂಗು ಮುಗ್ಗರಿಸುತ್ತದೆ. ಎರಡನೆಯದು ಬ್ರೇಕು. ಅದರ ಮುಖ್ಯ ಸಿಲಿಂಡರು ಚಾಲಕನ ಕಾಲಡಿಯ ನೆಲದ ಕೆಳಗೆ ತೊಲೆಯೊಳಗೆ ಅಡಗಿದೆ. ನಾಲ್ಕು ಚಕ್ರಗಳಿಗೂ ಒಂದೇ ಎಣ್ಣೆಯ ದಾರಿಯಾದ್ದರಿಂದ ಎಲ್ಲಿ ಸೋರಿದರೂ ಕಾಲಬ್ರೇಕು ಪೂರ್ತಿ ಹೋದಂತೆಯೇ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಬ್ರೇಕಿನ ರಬ್ಬರು, ಕೊಳವೆ, ಸಿಲಿಂಡರು ಯಾವುದನ್ನೂ ನಂಬದೆ ಹೊಸದು ಹಾಕಬೇಕು. ಮಿತವ್ಯಯವನ್ನು ಸೀಟಿನ ಬಟ್ಟೆಯಲ್ಲಿ ತೋರಿಸೋಣ.

ಕಾನೂನಿನ ಮಾತು ಒಂದಿದೆ. ೨೦೨೧ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿದ, ಮೂಲರೂಪದಲ್ಲೇ ಉಳಿಸಿಕೊಂಡ ವಾಹನಗಳಿಗೆ ‘ವಿಂಟೇಜ್’ ಎಂಬ ಬೇರೆ ನೋಂದಣಿಯುಂಟು. ಅದಕ್ಕೆ ೨೦,೦೦೦ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಇಂಥ ಕಾರನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ ಓಡಿಸಬಹುದು, ದಿನನಿತ್ಯದ ತಿರುಗಾಟಕ್ಕಲ್ಲ. ಚಾಸಿ, ಮೈ, ಎಂಜಿನ್ನುಗಳನ್ನು ಮನಬಂದಂತೆ ಮಾರ್ಪಡಿಸಿದರೆ ಈ ಗೌರವ ಸಿಗುವುದಿಲ್ಲ. ಆದ್ದರಿಂದ ಬಿಚ್ಚಿದ ಹಳೆಯ ಭಾಗವನ್ನು ಎಸೆಯುವ ಮುನ್ನ ಎರಡು ಸಲ ಯೋಚಿಸಬೇಕು. ಬ್ರಿಟನ್ನಿನಲ್ಲಿ ೨೦೧೮ರಿಂದ, ೪೦ ವರ್ಷ ಮೀರಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದಲೇ ವಿನಾಯಿತಿ ಕೊಟ್ಟಿದ್ದಾರೆ. ತಪಾಸಣೆಗೆ ಅಧಿಕಾರಿಯಿಲ್ಲದ ಮೇಲೆ ಆ ಹೊಣೆ ಕಾರಿನ ಯಜಮಾನನದೇ ಆಗುತ್ತದೆ. ಹೊಸ ಬಣ್ಣದ ಕೆಳಗೆ ಹೊಸ್ತಿಲು ಗಟ್ಟಿಯಾಗಿದೆಯೇ ಇಲ್ಲವೇ ಎಂಬುದು ಅವನೊಬ್ಬನಿಗೇ ಗೊತ್ತು. ಆ ಕಾರಿನಲ್ಲಿ ಕೂರುವವರು ಅವನ ಹೆಂಡತಿ ಮಕ್ಕಳು.

ಎಲ್ಲ ಮುಗಿದು ಬಣ್ಣವೂ ಒಣಗಿತೆನ್ನೋಣ. ಹೊಸ್ತಿಲುಗಳ ಟೊಳ್ಳಿನೊಳಕ್ಕೆ ಮೇಣದ ದ್ರವವನ್ನು ಪಿಚಕಾರಿಯಿಂದ ಹಾಯಿಸಿ. ಬಾಗಿಲುಗಳ ಅಡಿಯಲ್ಲಿಯೂ ಹೊಸ್ತಿಲುಗಳ ಅಡಿಯಲ್ಲಿಯೂ ನೀರು ಹರಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ. ಬಣ್ಣವೋ ಮೇಣವೋ ಅವುಗಳನ್ನು ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ. ಪ್ರತಿ ವರ್ಷ ಮುಂಗಾರಿನ ಮೊದಲು ಒಂದು ಸಲ, ಮಳೆಗಾಲ ಕಳೆದ ಮೇಲೆ ಇನ್ನೊಂದು ಸಲ ಮಡ್ಗಾರ್ಡುಗಳ ಒಳಗಿನ ಮಣ್ಣನ್ನು ತೊಳೆಯಿರಿ. ಕಾರು ಬಿಚ್ಚಿ ಕಟ್ಟುವುದು ಎರಡು ಮೂರು ವರ್ಷಗಳ ಭಾನುವಾರಗಳ ಕೆಲಸವಾದೀತು. ತೊಳೆಯುವುದು ಅರ್ಧ ದಿನದ ಕೆಲಸ. ಈ ಅರ್ಧ ದಿನವನ್ನು ಬಿಡದೆ ಕೊಟ್ಟವರ ಕಾರು ಮೊಮ್ಮಕ್ಕಳ ಕಾಲಕ್ಕೂ ರಸ್ತೆಯ ಮೇಲೆ ಇರುತ್ತದೆ.