ಅಳತೆ ಇಲ್ಲದ ‘ಕ್ವಾಂಟಂ’



ತಾಯಿತ ಮಾರುವವನು ಹಿಂದೆ ದೇವರ ಹೆಸರು ಹೇಳುತ್ತಿದ್ದ. ಈಗ ವಿಜ್ಞಾನದ ಹೆಸರು ಹೇಳಲು ಕಲಿತಿದ್ದಾನೆ. ಕೊರಳಿಗೆ ಹಾಕುವ ಬಿಲ್ಲೆಗೆ ‘ಕ್ವಾಂಟಂ ಪದಕ’ ಎಂದು ಹೆಸರು. ಕೈಯಲ್ಲಿ ಸರಳು ಹಿಡಿಸಿ ಕ್ಷಣದಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡಗಳ ವರದಿ ಕೊಡುವ ಪೆಟ್ಟಿಗೆಗೆ ‘ಕ್ವಾಂಟಂ ಯಂತ್ರ’ ಎಂದು ಹೆಸರು. ಗಿರಣಿಯ ಕಾರ್ಮಿಕ ಇದನ್ನು ಕೊಳ್ಳಬೇಕು, ಸಣ್ಣ ಅಂಗಡಿಯವನು ಇದನ್ನು ಮಾರಬೇಕು. ಇದು ಅವರ ಏರ್ಪಾಡು. ಆದುದರಿಂದ ಆ ಶಬ್ದದ ಅರ್ಥವನ್ನು ನಾವು ತಿಳಿದಿರಬೇಕು.

ಕ್ವಾಂಟಂ ಎಂಬುದು ಮಂತ್ರವಲ್ಲ, ಅಳತೆ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಎಷ್ಟು’ ಎಂದು. ಕಾದ ವಸ್ತುವಿನಿಂದ ಹೊರಡುವ ಬೆಳಕಿನ ಲೆಕ್ಕ ಯಾರಿಗೂ ಸರಿಹೋಗುತ್ತಿರಲಿಲ್ಲ. ಶಕ್ತಿಯ ಕೊಡುಕೊಳ್ಳುವಿಕೆ ಗೊತ್ತಾದ ಕಂತುಗಳಲ್ಲೇ ನಡೆಯುತ್ತದೆಂದು 1900ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಎಣಿಸಿದಾಗ ಅದು ಸರಿಹೋಯಿತು. ನಾಣ್ಯವನ್ನು ಮುರಿದು ಅರ್ಧ ಕೊಡಲಾಗದು, ಇದೂ ಹಾಗೆಯೇ. 1947ರಲ್ಲಿ ಬಂದ ಟ್ರಾನ್ಸಿಸ್ಟರ್, 1960ರಲ್ಲಿ ಬಂದ ಲೇಸರ್ ಈ ಲೆಕ್ಕದ ಮೇಲೆಯೇ ನಿಂತಿವೆ. ಅಲ್ಲಿ ‘ಎಷ್ಟು’ ಎಂದರೆ ಅಂಕಿ ಸಿಗುತ್ತದೆ. ಯಾರು ಅಳೆದರೂ ಅದೇ ಅಂಕಿ ಬರುತ್ತದೆ.

ಪದಕ ಮಾರುವವನನ್ನು ಕೇಳಿರಿ: ಯಾವ ಶಕ್ತಿ? ಎಷ್ಟು? ಯಾವ ಮಾಪಕದಿಂದ ಅಳೆದೆ? ಅವನು ಕಂಪನ ಎನ್ನುತ್ತಾನೆ, ತರಂಗ ಎನ್ನುತ್ತಾನೆ, ಅಂಕಿ ಮಾತ್ರ ಹೇಳುವುದಿಲ್ಲ. ತಕ್ಕಡಿಯಿಲ್ಲದೆ ತೂಕ ಹೇಳುವ ವರ್ತಕನನ್ನು ಸಂತೆಯಲ್ಲಿ ಯಾರು ನಂಬುತ್ತಾರೆ?

ಅವರದು ಇನ್ನೊಂದು ವಾದವಿದೆ. ‘ನೋಡಿದರೆ ಕಣದ ಸ್ಥಿತಿ ಬದಲಾಗುತ್ತದೆಂದು ವಿಜ್ಞಾನವೇ ಹೇಳಿದೆ, ಆದ್ದರಿಂದ ಮನಸ್ಸು ಮಾಡಿದರೆ ರೋಗ ಹೋಗುತ್ತದೆ’ ಎನ್ನುತ್ತಾರೆ. ಅಲ್ಲಿ ನೋಡುವುದೆಂದರೆ ಉಪಕರಣದಿಂದ ಅಳೆಯುವುದು. ಬಂದ ಫಲ ಇಂಥದೇ ಆಗಲೆಂದು ಯಾವ ವಿಜ್ಞಾನಿಯೂ ಬಯಸಿ ಪಡೆಯಲಾರ. ಅಮೆರಿಕದಲ್ಲಿ ನೆಲೆಸಿದ ದೀಪಕ್ ಚೋಪ್ರಾ ಅವರು 1989ರಲ್ಲಿ ‘ಕ್ವಾಂಟಂ ಹೀಲಿಂಗ್’ ಎಂಬ ಪುಸ್ತಕ ಪ್ರಕಟಿಸಿದರು. 1998ರಲ್ಲಿ ಅವರಿಗೆ ಭೌತವಿಜ್ಞಾನದ ಬಹುಮಾನ ಬಂದದ್ದೂ ನಿಜ. ಆದರೆ ಅದು ನೊಬೆಲ್ ಅಲ್ಲ, ನಗೆಗಾಗಿ ಕೊಡುವ ‘ಇಗ್ ನೊಬೆಲ್’.

ಇದರಿಂದ ನಷ್ಟವೇನು ಎಂದು ಕೆಲವರು ಕೇಳಬಹುದು. ಕೊರಳಪದಕ, ಕೈಬಳೆ ಮುಂತಾದ ಹತ್ತು ಸರಕುಗಳು ವಿಕಿರಣ ಸೂಸುತ್ತಿವೆ, ಧರಿಸಬೇಡಿರಿ ಎಂದು 2021ರ ಡಿಸೆಂಬರಿನಲ್ಲಿ ನೆದರ್‌ಲೆಂಡ್ಸ್‌ನ ಅಣುಸುರಕ್ಷಾ ಪ್ರಾಧಿಕಾರವು ಜನರನ್ನು ಎಚ್ಚರಿಸಿತು. ಕಿರಣಗಳಿಂದ ಕಾಪಾಡುತ್ತದೆಂದು ಕೊಂಡದ್ದೇ ಕಿರಣ ಸೂಸುತ್ತಿತ್ತು! ಇದಕ್ಕಿಂತ ದೊಡ್ಡ ಕೇಡು, ಸಕ್ಕರೆ ಕಾಯಿಲೆಯವನು ಪದಕವನ್ನು ನಂಬಿ ಗುಳಿಗೆ ಬಿಡುವುದು. ದುಡ್ಡು ಹೋದರೆ ಮತ್ತೆ ದುಡಿಯಬಹುದು. ಕಣ್ಣು, ಮೂತ್ರಪಿಂಡ ಹೋದರೆ ಏನು ಮಾಡುವುದು?

ನಮ್ಮ ದೇಶದಲ್ಲಿ ಇದಕ್ಕೆ 1954ರ ಕಾಯಿದೆಯೇ ಇದೆ. ತಾಯಿತ, ಮಂತ್ರ, ಕವಚಗಳಿಂದ ರೋಗ ವಾಸಿಯೆಂದು ಜಾಹೀರಾತು ಮಾಡುವುದನ್ನು ಅದು ನಿಷೇಧಿಸುತ್ತದೆ. ಔಷಧಿಗಳ ವಿಷಯದಲ್ಲಿ ಅದು ಕೊಟ್ಟಿರುವ ರೋಗಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಕ್ಯಾನ್ಸರೂ ಇವೆ. ಕವಚಕ್ಕೆ ಇಂಗ್ಲಿಷ್ ಹೆಸರಿಟ್ಟ ಮಾತ್ರಕ್ಕೆ ಅದು ಔಷಧಿಯಾಗದು.

ಆದುದರಿಂದ ಎರಡು ಕೆಲಸ ಮಾಡೋಣ. ಪೆಟ್ಟಿಗೆಯವನು ಬಂದರೆ ಒಬ್ಬನನ್ನೇ ಎರಡು ಹೆಸರು, ಎರಡು ವಯಸ್ಸು ಬರೆಸಿ ಎರಡು ಸಲ ಪರೀಕ್ಷಿಸಲು ಹೇಳೋಣ. ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಪದಕದವನು ಬಂದರೆ, ಇದರಿಂದ ಇಂಥ ರೋಗ ಇಷ್ಟು ದಿನದಲ್ಲಿ ವಾಸಿಯಾಗುತ್ತದೆ, ಇಲ್ಲವಾದರೆ ಹಣ ವಾಪಸು ಎಂದು ರಸೀದಿಯ ಮೇಲೆ ಬರೆದು ರುಜು ಹಾಕಲು ಹೇಳೋಣ. ಬರೆದುಕೊಡಲು ಒಪ್ಪದ ಮಾತಿಗೆ ನಮ್ಮ ಪಗಾರದಲ್ಲಿ ಒಂದು ಕಾಸನ್ನೂ ಕೊಡುವುದು ಬೇಡ.