ದುಬಾರಿ ಕಡಲ ದಂಡೆಯ ಅಗ್ಗದ ರಾತ್ರಿ

ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಸಾಗುವ ಹೈವೇ ಒನ್ ಬದಿಯ ಹಳೆಯ ಕ್ಯಾಂಪ್‌ಗ್ರೌಂಡ್‌ಗಳ ಬಾಗಿಲಲ್ಲಿ ಒಂದು ಕಬ್ಬಿಣದ ಕೊಳವೆ ನೆಟ್ಟಿರುತ್ತದೆ. ಮೇಲುಗಡೆ ಒಂದು ಸೀಳು, ಬೀಗ ಹಾಕಿದ ಗಟ್ಟಿ ಒಡಲು, ಪಕ್ಕದ ಡಬ್ಬಿಯಲ್ಲಿ ಒಂದಷ್ಟು ಲಕೋಟೆಗಳು. ಬಂದವರು ಲಕೋಟೆಯ ಮೇಲೆ ಕಾರಿನ ನಂಬರು, ಹಿಡಿದ ಜಾಗದ ನಂಬರು, ಎಷ್ಟು ರಾತ್ರಿ ಎಂಬುದನ್ನು ಬರೆದು, ದುಡ್ಡಿಟ್ಟು ಅಂಟಿಸಿ ಸೀಳಿನೊಳಗೆ ಬಿಡುತ್ತಾರೆ. ಲಕೋಟೆಯಿಂದ ಹರಿದುಕೊಂಡ ಚೂರೇ ರಸೀದಿ. ಅದನ್ನು ಜಾಗದ ಕಂಬಕ್ಕೆ ಸಿಕ್ಕಿಸಿದರೆ ಆ ರಾತ್ರಿಯ ಮಟ್ಟಿಗೆ ಆ ನೆಲ ಅವರದು. ಎಣಿಸಿಕೊಳ್ಳುವವರು ಎದುರಿಗೆ ಯಾರೂ ಇರುವುದಿಲ್ಲ. ದೇವಸ್ಥಾನದ ಹುಂಡಿಯ ಹಾಗೆ ಸುಮ್ಮನೆ ನಿಂತ ಈ ಕೊಳವೆಯನ್ನು ಅಲ್ಲಿನವರು ‘ಐರನ್ ರೇಂಜರ್’ ಎಂದು ಕರೆಯುತ್ತಾರೆ. ಫೋನಿನಲ್ಲೇ ಬುಕ್ಕಿಂಗ್ ಮುಗಿಯುವ ಈ ಕಾಲದಲ್ಲಿ ಅದರ ಕೆಲಸ ಕಡಿಮೆಯಾಗಿದೆ, ನಿಂತಿಲ್ಲ.

ಈ ಕೊಳವೆ ನಿಂತಿರುವ ಕರಾವಳಿ ಅಮೆರಿಕದ ಅತಿ ದುಬಾರಿ ಕರಾವಳಿಗಳಲ್ಲಿ ಒಂದು. ಮಾಂಟೆರೆ, ಅದರ ಮಗ್ಗುಲಿನ ಕಾರ್ಮೆಲ್, ಅಲ್ಲಿಂದ ತೆಂಕಣಕ್ಕೆ ಬೆಟ್ಟವೂ ಕಡಲೂ ಮುಖಾಮುಖಿಯಾಗುವ ಬಿಗ್ ಸರ್. ಕಾರ್ಮೆಲ್‌ನಿಂದ ಸ್ಯಾನ್ ಸಿಮಿಯನ್‌ವರೆಗಿನ ರಸ್ತೆ 1937ರಲ್ಲಿ ಓಡಾಟಕ್ಕೆ ತೆರೆಯಿತು. ಬಿಗ್ ಸರ್‌ನ ಹೆಸರಾಂತ ಹೋಟೆಲುಗಳಲ್ಲಿ ಒಂದು ರಾತ್ರಿಯ ಕೋಣೆ 1,000 ಡಾಲರಿಗೂ ಮೇಲೆ. ಅದೇ ಕಡಲು, ಅದೇ ಸೂರ್ಯಾಸ್ತ, ಟೆಂಟಿನವರಿಗೆ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆಗೆ ಸಿಗುತ್ತದೆ. ಸ್ಯಾನ್ ಹೋಸೆ ಸುತ್ತಮುತ್ತಲಿನ ಕನ್ನಡಿಗ ಕುಟುಂಬಗಳಿಗೆ ಮಾಂಟೆರೆ ಒಂದೂವರೆ ಗಂಟೆಯೊಳಗಿನ ದಾರಿ. ಲಾಂಗ್ ವೀಕೆಂಡ್ ಬಂತೆಂದರೆ ಡಿಕ್ಕಿಯಲ್ಲಿ ಟೆಂಟು, ಸ್ಟವ್, ಪುಳಿಯೋಗರೆಯ ಡಬ್ಬಿ ಹೇರಿಕೊಂಡು ಹೊರಡುವವರಲ್ಲಿ ಅವರೂ ಇರುತ್ತಾರೆ.

ತಂಗುವ ಜಾಗಗಳು ಮೂರು ಬಗೆಯವು. ಮಾಂಟೆರೆಯ ವೆಟರನ್ಸ್ ಮೆಮೋರಿಯಲ್ ಪಾರ್ಕ್ ನಗರಾಡಳಿತಕ್ಕೆ ಸೇರಿದ್ದು. ಊರ ಮೇಲಿನ ಗುಡ್ಡದಲ್ಲಿರುವ ಇದು ಮೊದಲು ಬಂದವರಿಗೆ ಮೊದಲು ಜಾಗ ಎಂಬ ಕ್ರಮಕ್ಕೆ ಹೆಸರಾದದ್ದು. ಫೈಫರ್ ಬಿಗ್ ಸರ್ ರಾಜ್ಯ ಸರ್ಕಾರದ ಉದ್ಯಾನ. ಅಲ್ಲಿ ರೆಡ್‌ವುಡ್ ಮರಗಳ ನೆರಳಿದೆ, ಹೊಳೆಯಿದೆ, ಸ್ನಾನಕ್ಕೆ ಬಿಸಿನೀರೂ ಇದೆ. ಇನ್ನೂ ತೆಂಕಣದ ಕರ್ಕ್ ಕ್ರೀಕ್ ಕೇಂದ್ರ ಸರ್ಕಾರದ ಲಾಸ್ ಪಾಡ್ರೆಸ್ ಅರಣ್ಯದೊಳಗಿನ ಬಯಲು. ಟೆಂಟಿನ ಬಾಗಿಲು ತೆರೆದರೆ ಕೆಳಗೆ ಪೆಸಿಫಿಕ್ ಸಾಗರ. ಆದರೆ ಕುಡಿಯುವ ನೀರಿಲ್ಲ, ಹೊತ್ತೇ ತರಬೇಕು. ಬೇಸಿಗೆಯ ರಾತ್ರಿಗಳಿಗೆ ಈ ಕೊನೆಯ ಎರಡರಂಥ ಜಾಗಗಳಲ್ಲಿ ಆರು ತಿಂಗಳ ಮೊದಲೇ ಬುಕ್ಕಿಂಗ್ ತೆರೆಯುತ್ತದೆ, ತೆರೆದ ಕೆಲವೇ ನಿಮಿಷಗಳಲ್ಲಿ ಮುಗಿದೂ ಹೋಗುತ್ತದೆ. ನಡೆದು ಅಥವಾ ಸೈಕಲ್ ತುಳಿದು ಬಂದವರಿಗೆ ಕೆಲವು ಕಡೆ ಪ್ರತ್ಯೇಕ ಜಾಗ ಇಟ್ಟಿರುತ್ತಾರೆ. ಅಲ್ಲಿ ತಲೆಗೆ ಇಷ್ಟು ಎಂದು ಕೊಡಬೇಕಾದದ್ದು ಚಿಲ್ಲರೆ ಹಣ. ಎಲ್ಲೂ ಜಾಗ ಸಿಗದವರು ಬೆಟ್ಟ ದಾಟಿ ಸಲಿನಾಸ್ ಕಣಿವೆಯ ಕಿಂಗ್ ಸಿಟಿಯಂಥ ಊರುಗಳಲ್ಲಿ ಉಳಿದು, ಬೆಳಿಗ್ಗೆ ಕಡಲಿಗೆ ಮರಳುತ್ತಾರೆ.

ಇಷ್ಟು ದುಬಾರಿ ನೆಲದಲ್ಲಿ ಅಗ್ಗದ ರಾತ್ರಿ ಉಳಿದದ್ದು ಅದೃಷ್ಟದಿಂದಲ್ಲ. ಕಡಲ ದಂಡೆ ಸಿರಿವಂತರ ಬೇಲಿಯೊಳಗೆ ಸೇರಿಹೋದೀತೆಂಬ ಆತಂಕದಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 1972ರಲ್ಲಿ ಕರಾವಳಿ ಆಯೋಗವನ್ನು ಹುಟ್ಟುಹಾಕಿದ 20ನೇ ಪ್ರಸ್ತಾವವನ್ನು ಗೆಲ್ಲಿಸಿದರು. 1976ರಲ್ಲಿ ಕರಾವಳಿ ಕಾಯ್ದೆ ಬಂತು. ಕಡಿಮೆ ಖರ್ಚಿನ ಪ್ರವಾಸಿ ಸೌಕರ್ಯಗಳನ್ನು ಕಾಪಾಡಬೇಕು, ಪ್ರೋತ್ಸಾಹಿಸಬೇಕು, ಸಾಧ್ಯವಿದ್ದಲ್ಲಿ ಹೊಸದಾಗಿ ಒದಗಿಸಬೇಕು ಎಂಬುದು ಆ ಕಾಯ್ದೆಯ ಒಂದು ಕಲಮು. ಹೋಟೆಲಿನ ಬಾಡಿಗೆ ಇಷ್ಟೇ ಇರಬೇಕೆಂದು ಕರಾವಳಿ ಆಯೋಗ ಕಟ್ಟುಪಾಡು ಹಾಕುವಂತಿಲ್ಲ. ಆದರೆ ಅಗ್ಗದ ವಸತಿಯನ್ನು ಕೆಡವಿ ಐಷಾರಾಮಿ ಹೋಟೆಲು ಎಬ್ಬಿಸಲು ಬಂದವರಿಂದ ಶುಲ್ಕ ವಸೂಲಿ ಮಾಡಿಸಿ, ಆ ಹಣ ಹಾಸ್ಟೆಲ್, ಕ್ಯಾಂಪ್‌ಗ್ರೌಂಡ್‌ಗಳಿಗೆ ಸಲ್ಲುವಂತೆ ಮಾಡಬಹುದು. ಕಾರು ನಿಲ್ಲಿಸಿ ಟೆಂಟು ಬಿಚ್ಚುವವರಿಗೆ ಈ ಕಲಮು ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ಕಾಣುವುದು ಜಾಗದ ನಂಬರು ಬರೆದ ಕಂಬ ಮಾತ್ರ.

ಜಾಗ ಸಿಕ್ಕ ಮೇಲಿನ ನಿಯಮಗಳು ಸರಳ. ತಿಂಡಿ ತಿನಿಸನ್ನು ಕಬ್ಬಿಣದ ಪೆಟ್ಟಿಗೆಯಲ್ಲೋ ಕಾರಿನೊಳಗೋ ಇಟ್ಟು ಮುಚ್ಚಬೇಕು. ಇಲ್ಲವಾದರೆ ರಾತ್ರಿ ರಕೂನ್‌ಗಳು ಮುಂಗಾಲಿನಿಂದ ಡಬ್ಬಿಯ ಮುಚ್ಚಳ ತೆಗೆದು ಮಾರನೆಯ ದಿನದ ಪುಳಿಯೋಗರೆಯನ್ನು ಮುಗಿಸುತ್ತವೆ. ಜುಲೈ ತಿಂಗಳೆಂದು ತೆಳು ಬಟ್ಟೆ ತಂದವರು ನಡುಗುತ್ತಾರೆ. ಕಡಲಾಳದ ತಣ್ಣೀರು ಮೇಲೆದ್ದು ಬರುವುದರಿಂದ ಈ ದಂಡೆಯ ಮೇಲೆ ಬೇಸಿಗೆಯಲ್ಲೂ ಮಂಜು ಕವಿಯುತ್ತದೆ. ಉರಿಸುವ ಸೌದೆಯನ್ನು ಅಲ್ಲಿಯೇ ಕೊಳ್ಳಬೇಕು, ದೂರದಿಂದ ತಂದರೆ ಅದರ ಜೊತೆಗೆ ಮರಗಳ ರೋಗವೂ ಬರಬಹುದು.

ನಿಯಮಗಳಲ್ಲಿ ಎಲ್ಲಕ್ಕಿಂತ ಬಿಗಿಯಾದದ್ದು ಬೆಂಕಿಯದು. ಬುಕ್ಕಿಂಗ್ ಸಿಗಲಿಲ್ಲವೆಂದು ಬಿಗ್ ಸರ್‌ನ ಹೆದ್ದಾರಿ ಬದಿಯಲ್ಲೇ ರಾತ್ರಿ ಕಳೆಯುವುದಕ್ಕೆ ಅಲ್ಲಿ ಅನುಮತಿಯಿಲ್ಲ. ಹೊರನೋಟಕ್ಕೆ ಇದು ಬಡವರ ಮೇಲಿನ ಕಟ್ಟಳೆಯಂತೆ ಕಂಡರೂ ಇದರ ಹಿಂದೆಯೂ ಬೆಂಕಿಯ ಭಯವಿದೆ. 2016ರ ಜುಲೈ 22ರಂದು ಕಾರ್ಮೆಲ್‌ನ ತೆಂಕಣಕ್ಕಿರುವ ಗರಪಾಟಾ ಉದ್ಯಾನದಲ್ಲಿ ಯಾರೋ ಅನುಮತಿಯಿಲ್ಲದೆ ಹಚ್ಚಿ, ಆರಿಸದೆ ಬಿಟ್ಟುಹೋದ ಬೆಂಕಿಯಿಂದ ಸೊಬರಾನೆಸ್ ಕಾಳ್ಗಿಚ್ಚು ಎದ್ದಿತು. ಅದು ಅಕ್ಟೋಬರ್‌ವರೆಗೆ ಉರಿದು 1,32,000 ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. 57 ಮನೆಗಳು ಬೂದಿಯಾದವು. ಬೆಂಕಿ ತಡೆಯಲು ಹೋದ ಬುಲ್ಡೋಜರ್ ಚಾಲಕರೊಬ್ಬರು ಜೀವ ಬಿಟ್ಟರು. ನಂದಿಸುವ ಖರ್ಚು 20 ಕೋಟಿ ಡಾಲರ್ ಮೀರಿತು. ಆ ಬೆಂಕಿ ಹಚ್ಚಿದವರು ಯಾರೆಂಬುದು ಕೊನೆಗೂ ಗೊತ್ತಾಗಲಿಲ್ಲ.

ಅಗ್ಗದ ಜಾಗವನ್ನು ಉಳಿಸುವ ಕೆಲಸದಲ್ಲಿ ಕಾಯ್ದೆಯದು ಅರ್ಧ ಪಾಲು, ತಂಗಿದವರದು ಇನ್ನರ್ಧ. ಕ್ಯಾಂಪಿಗೆ ಹೊರಡುವವರು ಬೆಳಕಿರುವಾಗಲೇ ಜಾಗ ಸೇರಲಿ, ಸಲ್ಲಬೇಕಾದ ದುಡ್ಡು ಸಲ್ಲಿಸಲಿ. ಹೊರಡುವ ಮುನ್ನ ಕೆಂಡದ ಮೇಲೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿ ಪೂರ್ತಿ ತಣ್ಣಗಾದ ಮೇಲೆ ಕಾರು ಹತ್ತಲಿ.