ಎರಡು ಹೆಸರಿನ ಊರು



ರೋಮಿನಿಂದ ನೇಪಲ್ಸಿನತ್ತ ಕಡಲ ಮಗ್ಗುಲಲ್ಲೇ ಹೋದರೆ ನಡುವೆ ತೆರ್ರಚೀನಾ ಎಂಬ ಊರು ಸಿಗುತ್ತದೆ. ಬಿಳಿ ಸುಣ್ಣಕಲ್ಲಿನ ಬೆಟ್ಟ, ಅದರ ಬುಡಕ್ಕೇ ಸಮುದ್ರ. ಲ್ಯಾಟಿನ್ನಿನಲ್ಲಿ ಇದು ತರ್ರಕೀನ. ರೋಮನ್ನರಿಗಿಂತ ಮೊದಲು ಇಲ್ಲಿದ್ದ ವೋಲ್ಸ್ಕಿ ಜನರ ಬಾಯಲ್ಲಿ ಮಾತ್ರ ಅಂಕ್ಸುರ್. ಹೀಗೆಂದು ಬರೆದಿಟ್ಟವನು ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಹಿರಿಯ ಪ್ಲೀನಿ. ವೋಲ್ಸ್ಕಿ ನುಡಿಯಲ್ಲಿ ಉಳಿದಿರುವುದೇ ಅಷ್ಟಿಷ್ಟು. ವೆಲ್ಲೆತ್ರಿ ಎಂಬ ಊರಿನಲ್ಲಿ 1784ರಲ್ಲಿ ಸಿಕ್ಕ ನಾಲ್ಕು ಸಾಲಿನ ಕಂಚಿನ ಫಲಕವೇ ಅದರ ದೊಡ್ಡ ಆಸ್ತಿ. ಅಂಥ ನುಡಿಗೆ ಒಂದು ಊರಿನ ಹೆಸರು ಉಳಿದರೂ ಲಾಭವೇ.

ಕ್ರಿ.ಪೂ. 406ರಲ್ಲಿ ರೋಮನ್ನರು ಊರನ್ನು ಗೆದ್ದು ಸೂರೆಮಾಡಿದರು. ನಾಲ್ಕೇ ವರ್ಷಕ್ಕೆ ಅದು ಕೈತಪ್ಪಿತು. ಕಾವಲಿನ ಸಿಪಾಯಿಗಳು ರಜೆಯ ಮೇಲೆ ಹೋಗಿದ್ದರು, ವೋಲ್ಸ್ಕಿ ವ್ಯಾಪಾರಿಗಳನ್ನು ಕೇಳುವವರಿಲ್ಲದೆ ಒಳಗೆ ಬಿಟ್ಟಿದ್ದರು ಎನ್ನುತ್ತಾನೆ ಇತಿಹಾಸಕಾರ ಲಿವಿ. ಮತ್ತೆ ರೋಮನ್ನರ ಪಾಲಾದ ಕಥೆ ಇನ್ನೂ ಸೊಗಸು: ಈ ಸಲ ಹಬ್ಬದ ದಿನ ಕಾವಲು ಮರೆತವರು ವೋಲ್ಸ್ಕಿಗಳು! 329ರಲ್ಲಿ ರೋಮ್ ಇಲ್ಲಿಗೆ 300 ಮಂದಿ ಒಕ್ಕಲನ್ನು ಕಳಿಸಿ, ತಲೆಗೆ ಸುಮಾರು ಒಂದೂಕಾಲು ಎಕರೆ ನೆಲ ಕೊಟ್ಟಿತು. ಊರು ರೋಮಿನದಾಯಿತು.

ತರ್ರಕೀನ ಎಂಬ ಹೊಸ ಹೆಸರು ಎಲ್ಲಿಂದ ಬಂತು? ಕಲ್ಲುಮುಳ್ಳಿನ ಜಾಗಕ್ಕೆ ಗ್ರೀಕರಲ್ಲಿರುವ ಪದದಿಂದ ಎಂದು ಭೂಗೋಳಕಾರ ಸ್ಟ್ರಾಬೊ ಹೇಳಿದ್ದಾನೆ. ಊರ ಹೆಸರಿಗೆ ಕಥೆ ಕಟ್ಟುವ ಚಪಲ ಯಾವ ಕಾಲಕ್ಕೂ ಕಡಿಮೆಯಿಲ್ಲ. ನನಗೇನೋ ಪೂರ್ತಿ ನಂಬಿಕೆ ಬಂದಿಲ್ಲ.

ಆದರೆ ಹಳೆಯ ಹೆಸರು ಉಳಿದದ್ದಕ್ಕೆ ಒಂದು ಕಾರಣ ಛಂದಸ್ಸಿನಲ್ಲೇ ಇದೆ. 'ತರ್ರಕೀನ' ಎಂಬುದಕ್ಕೆ ಪ್ರಸ್ತಾರ ಹಾಕಿ ನೋಡಿ: ಮೊದಲ ಮೂರು ಅಕ್ಷರ ಗುರು, ಲಘು, ಗುರು. ನಮ್ಮ ರಗಣ. ಲ್ಯಾಟಿನ್ ಕಾವ್ಯದ, ಸಾಲಿಗೆ ಆರು ಗಣಗಳ ಹೆಕ್ಸಾಮೀಟರ್ ವೃತ್ತದಲ್ಲಿ ಎರಡು ಗುರುಗಳ ನಡುವೆ ಒಂಟಿ ಲಘುವಿಗೆ ಜಾಗವೇ ಇಲ್ಲ. 'ಅಂಕ್ಸುರ್' ಆದರೆ ಸಲೀಸಾಗಿ ಕೂರುತ್ತದೆ. ರೋಮನ್ ಕವಿ ಹೊರೇಸ್ ಊರ ಹತ್ತಿರದ ಜವುಗಿನ ಕಾಲುವೆಯಲ್ಲಿ ಹೇಸರಗತ್ತೆ ಎಳೆಯುವ ದೋಣಿ ಹತ್ತಿ, ರಾತ್ರಿಯಿಡೀ ಸೊಳ್ಳೆ ಕಪ್ಪೆಗಳ ಕಾಟಕ್ಕೆ ನಿದ್ದೆಗೆಟ್ಟು, ಬಳಿಕ ಈ ಬಿಳಿ ಬಂಡೆಯ ಊರು ತಲುಪಿದ. ಪದ್ಯದಲ್ಲಿ ಅದನ್ನು ಅಂಕ್ಸುರ್ ಎಂದೇ ಕರೆದ.

ಮುಂದೆ ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ ರೋಮಿನಿಂದ ದಕ್ಷಿಣಕ್ಕೆ ಹೋಗುವ ಆಪಿಯನ್ ರಸ್ತೆ ಕಡಲ ಬದಿಯಲ್ಲೇ ಸಾಗಲೆಂದು ಬಂಡೆಯನ್ನು 120 ರೋಮನ್ ಅಡಿ ಕಡಿದರು. ಹತ್ತತ್ತು ಅಡಿಗೊಂದು ಅಂಕಿ ಕೊರೆದರು. ಅವು ಇಂದಿಗೂ ಕಾಣುತ್ತವೆ. ಬೆಟ್ಟದ ನೆತ್ತಿಯ ಮೇಲೆ ಸಾಲು ಕಮಾನುಗಳ ಜಗತಿ ನಿಂತಿದೆ, ಮೇಲಿನ ಗುಡಿ ಹಾಳಾಗಿದೆ. ಅದು ರೋಮಿನ ದೊಡ್ಡ ದೇವರು ಜೂಪಿಟರನದು ಎಂದು ಪ್ರತೀತಿ. ಊರವರು ಆ ದೇವರಿಗೆ ಇಂದಿಗೂ ಹೇಳುವ ಹೆಸರು ಜೋವೆ ಅಂಕ್ಸುರ್.